ಇದು ಯಾವ ಮರದ್ದು?

ಮದುವೆಯಾಗಿ ಗುಲ್ವಾಡಿಗೆ ಬಂದ ಮರುದಿನವೇ ಮರ ಹತ್ತುವ ಗುಡ್ಡನ ಹೆಸರು ನನ್ನ ಕಿವಿಗೆ ಬಿತ್ತು. "ನಮ್ಮ್ ತೆಂಗಿನ್ ಮರ ಹತ್ತು ಗುಡ್ಡ ಒಂದ್ ಗುಟ್ಕ್ ಕುಡ್ದ್ರ್ ಸಾಕ್, ಯಾವ್ ಮರದ್ ಬೊಂಡ ಅಂದೇಳಿ ಹೇಳ್ತ" ಎಂದರು ಅತ್ತೆ. ನಂಬದೆ ಮೂರು ಎಳನೀರನ್ನು ಮೂರು ಲೋಟಕ್ಕೆ ಹೊಯ್ದು ಕೊಟ್ಟೆ. ನೆಲದ ಮೇಲೂ ಮರ ಅಪ್ಪಿದವನಂತೆ ಕಾಲು ಅಗಲಿಸಿ ನಡೆಯುವ ಆ ಮನುಷ್ಯ ಕಣ್ಣು ಮುಚ್ಚಿ ಕುಡಿದ. "ಇದ್ ಬಾವಿಕಟ್ಟೆದ್, ಇದ್ ಹೊಳಿಬದಿದ್, ಇದ್ ಹಟ್ಟಿ ಹಿಂದಿಂದ್. ಹ್ವಾಯ್ ಸಣ್ಣಮ್ಮ, ಇನ್ನೊಂದ್ ಸಲ ಕಷ್ಟದ್ದ್ ಕೇಣಿ!"

ನನ್ನ ಮಕ್ಕಳ ಮದುವೆಗೂ, ನನ್ನವರು ತೀರಿಕೊಂಡಾಗ ಬೊಜ್ಜದ ಊಟಕ್ಕೂ ಮರದಿಂದ ಎಳನೀರು ಇಳಿಸಿದವನು ಅವನೇ.

ಹೋದ ವರ್ಷ ಅವನ ಕಾಲು ಬಾತುಕೊಂಡಿತು. ಹೃದಯ ಸೋತಿದೆಯೆಂದು ಕುಂದಾಪುರದ ಡಾಕ್ಟರು ಸ್ನೇಹಲತಾ ನೀರಿಳಿಸುವ ಮಾತ್ರೆ ಕೊಟ್ಟರು. ಅದು ನೀರಿನ ಜೊತೆಗೆ ಮೈಯೊಳಗಿನ ಪೊಟ್ಯಾಸಿಯಂ ಅನ್ನೂ ಮೂತ್ರಕ್ಕೆ ಕಳಿಸಿದ್ದರಿಂದ ಮೀನಖಂಡ ಹಿಡಿದುಕೊಳ್ಳತೊಡಗಿತು. ಹೋದದ್ದನ್ನು ತುಂಬಿಕೊಳ್ಳಲು ದಿನಕ್ಕೊಂದು ಎಳನೀರು ಕುಡಿಯಲು ಹೇಳಿದರು. ಕಳಿಸುತ್ತಿದ್ದವಳು ನಾನು.

ಮುಂದೆ ಮಾತ್ರೆ ಬದಲಾಯಿತು. ಇನ್ನು ಎಳನೀರು ಬೇಡವೆಂದು ಚೀಟಿಯಲ್ಲಿ ಬರೆದಿತ್ತಂತೆ. ಇಂಗ್ಲಿಷು ಅವನಿಗೂ ಬಾರದು, ನನಗೂ ಬಾರದು. ಸೊರಗಿದ್ದಾನೆಂದು ಒಂದಿದ್ದುದನ್ನು ಎರಡು ಮಾಡಿ ಕಳಿಸಿದೆ. ಹನ್ನೆರಡನೆಯ ದಿನ ಕೈಕಾಲು ಸೋತು, ನಾಡಿ ನಿಧಾನವಾಗಿ, ಆಸ್ಪತ್ರೆ ಸೇರಿದ.

"ಉಪ್ಪನ್ನು ಉಳಿಸಿಕೊಂಡು ಪೊಟ್ಯಾಸಿಯಂ ಹೊರಹಾಕುವ ಹಾರ್ಮೋನು ಒಂದಿರತ್ತೆ ಅಮ್ಮ" ಎಂದರು ಡಾಕ್ಟರು. "ಈ ಹೊಸ ಮಾತ್ರೆ ಅದರ ಕೈ ಕಟ್ಟತ್ತೆ. ಉಪ್ಪು ಹೋಗತ್ತೆ, ಪೊಟ್ಯಾಸಿಯಂ ಒಳಗೇ ಉಳಿಯತ್ತೆ. ಎಳನೀರಲ್ಲಿ ಇರೋದೇ ಅದು. ಜಾಸ್ತಿಯಾದ್ರೆ ಹೃದಯ ನಿಲ್ಲತ್ತೆ."

ಗುಡ್ಡ ಮನೆಗೆ ಬಂದ, ಆದರೆ ಕಿಡ್ನಿ ಉಳಿಯಲಿಲ್ಲ; ಎಳನೀರು ಇನ್ನೆಂದೂ ಕುಡಿಯಕೂಡದೆಂದರು. ನಾಲಿಗೆ ಮಾತ್ರ ಹಳೆಯದನ್ನೇ ಬೇಡುತ್ತಿತ್ತು.

"ಒಂದೇ ಒಂದ್ ಬೊಂಡ ಕೊಡ್ತ್ರ್ಯಾ ಅಮ್ಮ?"

"ಕುಡುಕಾಗ ಅಂದಿರಲ, ಮಾರಾಯ."

"ಕುಡೀದೇ ಇದ್ರ್ ಎಂತ, ನೂರ್ ವರ್ಷವಾ?"

ತಡೆಯಲಾರದೆ ಬಾವಿಕಟ್ಟೆಯ ಮರದ್ದೊಂದನ್ನು ಕೆತ್ತಿಸಿ, ಒಳಗಿನದನ್ನೆಲ್ಲ ಮರದ ಬುಡಕ್ಕೆ ಚೆಲ್ಲಿ, ಎರಡು ಗುಟುಕು ಬಾವಿನೀರು ತುಂಬಿ ಒಯ್ದೆ. ಮರ ಹತ್ತುವವರು ಜೀವಮಾನವಿಡೀ ನಮಗೆ ಮೇಲಿನಿಂದ ಇಳಿಸಿ ಕೊಡುತ್ತಾರೆ. ಅವರು ಕೈಚಾಚುವ ದಿನ ಬಂದಾಗ ನಮ್ಮಲ್ಲಿ ಉಳಿದಿರುವುದು ಬರಿಯ ಸಿಪ್ಪೆ.

ಗುಡ್ಡ ಕಣ್ಣು ಮುಚ್ಚಿ ಕುಡಿದ. ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಮತ್ತು ಕೊನೆಯ ಸಲ, ಅವನೇ ನನ್ನನ್ನು ಕೇಳಿದ:

"ಇದ್ ಯಾವ್ ಮರದ್ದ್ ಅಮ್ಮ?"