ತಿರುವಿನ ಗೋಡೆ

ಈಜುಕೊಳದ ಕ್ಲೋರಿನ್ ವಾಸನೆ ಕಂಬದ ಹಿಂದಕ್ಕೂ ಬರುತ್ತದೆ, ಬರಲಿ, ವಾಸನೆಗೇನು ಕಣ್ಣಿದೆಯೇ, ಸತ್ಯಭಾಮಾಳನ್ನು ಯಾರೂ ನೋಡಬಾರದು ಅಷ್ಟೆ, ಅದರಲ್ಲೂ ಆ ಹಳದಿ ಟೋಪಿ, ಅವಳ ಮಗಳು ಅನಘ, ನೋಡಲೇಬಾರದು — ಅಮ್ಮ ಕೋಪರಿಯ ನಮ್ಮ ಹೋಟೆಲಿನಲ್ಲಿದ್ದಾಳೆ, ಪಾರ್ಟಿ ಆರ್ಡರ್ ಇದೆ, ಬರುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿ ಕಳಿಸಿಯಾಗಿದೆ, ಹುಡುಗಿ ಮುಖ ಸಣ್ಣದು ಮಾಡಿಕೊಂಡು ಠೀಕ್ ಹೈ ಅಮ್ಮ ಎಂದಳು, ಕರುಳು ಚುರ್ರೆಂದಿತು, ಆದರೆ ಇವತ್ತು ಮೊದಲ ಇಬ್ಬರಲ್ಲಿ ಬಂದರೆ ಮಾತ್ರ ರಾಜ್ಯದ ತಂಡ, ಕರುಳಿನ ವಿಚಾರ ಆಮೇಲೆ. ಸೀಟಿ. ಹುಡುಗಿಯರು ಬಗ್ಗಿದ್ದಾರೆ, ಅಂಗೈಯಲ್ಲಿ ಸ್ಟಾಪ್‌ವಾಚ್ ಬೆಚ್ಚಗಿದೆ, ಹಾರಿದರು — ನೊರೆ, ನೊರೆ, ಹಳದಿ ಟೋಪಿ ಎರಡನೆಯದು, ಅಲ್ಲ ಮೂರನೆಯದು, ಇರಲಿ, ಹೋಗಿ ಬರುವ ಸ್ಪರ್ಧೆ, ನಡುವೆ ಒಂದೇ ತಿರುವು, ಇರುವುದೆಲ್ಲ ತಿರುಗುವ ಆ ಗೋಡೆಯಲ್ಲಿ, ಅಲ್ಲಿ ಆ ಒದ್ದೆ ಮುಖ ಇವತ್ತು ಮೇಲೇಳಬಾರದು, ಎದ್ದರೆ ಕೆಟ್ಟಿತು, ಏಳುವುದಿಲ್ಲ, ಸತ್ಯಭಾಮಾಳ ಲೆಕ್ಕ ತಪ್ಪುವುದಿಲ್ಲ.

ಕೋಚ್ ಹರಿಶ್ಚಂದ್ರ ಸರ್ ಪ್ರತಿ ಸೋಲಿಗೂ ಮೇಡಮ್, ಹಾಥ್ ಮೇ ತಾಕತ್ ನಹೀ, ಬಾದಾಮ್ ಖಿಲಾವೋ ಎನ್ನುತ್ತಾರೆ — ಬಾದಾಮಿ ತಿಂದು ಕೈಗೆ ಬಲ ಬಂದರೆ ಗೋಡೆ ಹತ್ತಿರ ಬರುತ್ತದೆಯೇ, ಹೋಟೆಲಿನಲ್ಲಿ ದೋಸೆ ತಡ ಎಂದು ಗಿರಾಕಿ ಕೂಗಿದರೆ ಗಂಡ ತಾರಾನಾಥ ಅಡುಗೆ ಭಟ್ಟರ ಮೇಲೆ ಹಾರಾಡುತ್ತಾನೆ, ಅವಳು ಮಾತ್ರ ತುಂಡು ತುಂಡು ಮಾಡಿ ನೋಡುತ್ತಾಳೆ, ಕಾವಲಿಯ ಮೇಲೆ ತಡವೇ, ಕಾವಲಿಯಿಂದ ಟೇಬಲಿಗೆ ಬರುವಲ್ಲಿ ತಡವೇ, ಮಗಳ ಈಜನ್ನೂ ಹಾಗೆಯೇ ತುಂಡರಿಸಿದಳು, ಜಿಗಿತ, ಈಜು, ತಿರುವು, ಮುಕ್ತಾಯ, ಗೋಡೆಗೆ ಸ್ವಲ್ಪ ಮೊದಲು ನೀರಿನ ಮೇಲೆ ಅಡ್ಡ ಕಟ್ಟಿದ ಪತಾಕೆಗಳ ಕೆಳಗೆ ಟೋಪಿ ಹೋದಾಗ ವಾಚ್ ಒತ್ತುವುದು, ತಿರುಗಿ ಬಂದಾಗ ಮತ್ತೆ ಒತ್ತುವುದು, ಅದಕ್ಕೆಂದೇ ಯಾವಾಗಲೂ ತಿರುವಿನ ಗೋಡೆಯ ಎದುರು ಮೊದಲ ಸಾಲಿನಲ್ಲಿ ಕೂರುವುದು, ಈಜಿನಲ್ಲಿ ಮಗಳು ಡೊಂಬಿವ್ಲಿಯ ನಿಶಾಳಿಗೆ ಸಮ, ತಿರುವಿನಲ್ಲಿ ಮಾತ್ರ ಒಂದು ಮೊಳ ಹಿಂದೆ, ಪ್ರತಿ ಸಲ. ಯಾಕೆಂದು ನೋಡಲು ಮದುವೆ ವೀಡಿಯೋ ತೆಗೆಯುವ ಪುಂಡರೀಕಾಕ್ಷನನ್ನು ಕರೆಸಿದಳು, ಊರಿನವನೇ, ಅವನು ಜಿಗಿತ ಹಿಡಿದ, ಈಜು ಹಿಡಿದ, ಸರಿಯಾಗಿ ತಿರುವಿನ ಹೊತ್ತಿಗೆ ಕ್ಯಾಮೆರಾ ಅವಳ ಕಡೆಗೆ ತಿರುಗಿಸಿದ, ಮನೆಯ ಟಿವಿಯಲ್ಲಿ ನೋಡಿ ಎಂತ ಮಾರಾಯಾ ಇದು ಎಂದರೆ ಅಲ್ಲ ಅಕ್ಕ, ಧಾರೆಯ ಹೊತ್ತಿಗೆ ತಾಯಿಯ ಮುಖ ಹಿಡಿಯದಿದ್ರೆ ಆಮೇಲೆ ನೀವೇ ಬೈಯುದಲ್ವಾ, ಟಿವಿಯ ತುಂಬ ಅವಳೇ, ವಾಚಿನ ಮೇಲೆ ಬಗ್ಗಿದ ತಲೆ, ಬೈತಲೆ, ಕೆಳಗೆ ಕೂತ ಅನಘ ನಕ್ಕಳು, ದೇಖ್ ಅಮ್ಮ, ಉಧರ್ ಮೈ ಹರ್ ಟೈಮ್ ತೇರೇಕೊ ದೇಖ್ತೀ, ತೂ ಕಭೀ ಊಪರ್ ದೇಖ್ತೀಚ್ ನಹೀ. ಅಷ್ಟೇ. ಗೋಡೆಗೆ ಮುಂಚೆ ಹುಡುಗಿ ನೀರಿನಿಂದ ಮುಖ ಎತ್ತಿ ಅಮ್ಮ ಇದ್ದಾಳೆಯೇ ಎಂದು ನೋಡಿಕೊಳ್ಳುತ್ತಾಳೆ, ಅಮ್ಮ ತಲೆ ಎತ್ತುವುದೇ ಇಲ್ಲವಂತೆ, ಅದಿರಲಿ, ತಡವಾಗುವುದು ಆ ನೋಟದಲ್ಲಿ, ಅಳೆಯಲು ಕೂತವಳಿಂದಲೇ ತಡ, ನೋಡಬೇಡ ಎಂದು ಹೇಳಿದ್ದೂ ಆಯಿತು, ಅಭ್ಯಾಸ ಮಾತು ಕೇಳುತ್ತದೆಯೇ, ವಾಚು ಮತ್ತೆ ಅದೇ ತೋರಿಸಿತು.

ಅದಕ್ಕೇ ಈ ಕಂಬ, ತಲೆಯ ಮೇಲೆ ಸೆರಗು, ಮೊದಲ ಸಾಲಿನ ಆ ಕುರ್ಚಿ ಖಾಲಿ — ಬಂದಳು, ಪತಾಕೆಯ ಕೆಳಗೆ ಬಂದಳು, ಒತ್ತು, ಒತ್ತಿದಳು, ಇವತ್ತು ಕಣ್ಣು ವಾಚಿನ ಮೇಲಿಲ್ಲ, ನೀರಿನ ಮೇಲಿದೆ, ಈಗ, ಈಗಲೇ, ಮುಖ ಏಳಲಿಲ್ಲ, ಟೋಪಿ ಮುಳುಗಿತು, ಹಿಮ್ಮಡಿ ಮೇಲೆ ಬಂದು ಮಾಯವಾಯಿತು, ನಿಶಾಳ ಪಕ್ಕದಲ್ಲೇ ಎದ್ದಳು, ನಿಶಾಳನ್ನು ದಾಟಿದಳು, ಗೊತ್ತಿತ್ತು, ಹೇಳಿದ್ದೆನಲ್ಲ, ಜನ ಎದ್ದು ನಿಂತಿದ್ದಾರೆ, ಮೈಕಿನಲ್ಲಿ ಮೊದಲು ಅನಘಳ ಹೆಸರು, ಹೆಬ್ಬೆರಳು ಮಾತ್ರ ಎರಡನೇ ಸಲ ಒತ್ತಿಲ್ಲ, ವಾಚು ಓಡುತ್ತಲೇ ಇದೆ, ಕಣ್ಣು ಆ ಗೋಡೆ ಬಿಟ್ಟು ಬರುತ್ತಿಲ್ಲ, ಮುಖ ಅಷ್ಟು ಸಲ ಎದ್ದಿತ್ತಲ್ಲ, ತನಗಾಗಿಯೇ ಎದ್ದಿತ್ತಲ್ಲ, ತಾನು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲವಲ್ಲ, ಆ ಗೋಡೆಯ ಹತ್ತಿರ, ಹಳದಿ ಟೋಪಿಯ ಕೆಳಗೆ, ಒದ್ದೆ ಮುಖ, ಅಮ್ಮ ಇದ್ದಾಳೆಯೇ ಎಂದು —