ಹಜಾರದಲ್ಲಿ ನಿಂತದ್ದು

೧

ಬಕೆಟ್ಟಿನಿಂದ ಶುರುಮಾಡಲೋ ಅಮ್ಮನಿಂದ ಶುರುಮಾಡಲೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಬಕೆಟ್ಟಿನಿಂದ ಶುರುವಾದರೆ ನೀವು ಇದನ್ನು ಹಾಸ್ಯಕಥೆ ಎಂದುಕೊಳ್ಳುತ್ತೀರಿ. ಅಮ್ಮನಿಂದ ಶುರುವಾದರೆ ಕರವಸ್ತ್ರ ಹುಡುಕುತ್ತೀರಿ. ನನಗೆ ಎರಡೂ ಬೇಡ. ಆದ್ದರಿಂದ ಅತ್ತಿಗೆಯಿಂದ ಶುರುಮಾಡುತ್ತೇನೆ. ಬಕೆಟ್ಟಿಗೂ ಅಮ್ಮನಿಗೂ ನಡುವೆ ಸಿಕ್ಕಿಕೊಂಡವರು ಅವರೇ.

(ಒಂದು ಎಚ್ಚರಿಕೆ. ಈ ಕಥೆಯ ಪಾತ್ರಗಳು ನಾನಿರುವ ಮನೆಯಲ್ಲೇ ಇದ್ದಾರೆ, ಬರೆದದ್ದನ್ನು ಬರೆದ ಹಾಗೇ ಓದುತ್ತಾರೆ. ಪಾತ್ರಗಳು ತಮ್ಮ ಕೈಮೀರಿ ಹೋಗುತ್ತವೆ ಎಂದು ದೊಡ್ಡ ಲೇಖಕರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಅವರ ಪಾತ್ರಗಳು ಹಾಳೆ ಕಿತ್ತುಕೊಂಡು 'ನಾನು ಹೀಗಂದಿಲ್ಲ' ಎಂದು ಅಂಚಿನಲ್ಲಿ ಗೀಚುವುದಿಲ್ಲ.)

೨

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ನಲವತ್ತು ದಾಟಿದೆ. (ಈ ವಾಕ್ಯವನ್ನು ಅವರು ಹೊಡೆದುಹಾಕಿದ್ದರು. ಮತ್ತೆ ಬರೆದಿದ್ದೇನೆ.) ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಾಯಿಸುತ್ತಾ, "ಈಗ ಕಾಣ್ತಿದೆಯಾ? ಈಗ?" ಎಂದು ದಿನವಿಡೀ ಕೇಳುವ ಕೆಲಸ. ಒಂದು ದಿನ ಊಟಕ್ಕೆ ಕೂತಾಗ, "ನಾನು ಶಿಲ್ಪ ಕಲಿಯೋಕೆ ಸೇರ್ಕೊಂಡೆ" ಎಂದರು. ಶನಿವಾರ, ಭಾನುವಾರ, ಕಲಾಶಾಲೆಯ ಹಿಂದಿನ ಶೆಡ್ಡಿನಲ್ಲಿ, ಏನೇನೂ ಬಾರದವರಿಗಾಗಿಯೇ ನಡೆಸುವ ತರಗತಿ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಜಗತ್ತಿನ ವಸ್ತುಗಳನ್ನು ಅವನು ಎರಡು ಜಾತಿಯಾಗಿ ನೋಡುತ್ತಾನೆ: ಓಡುತ್ತಿರುವವು, ಕೆಟ್ಟು ನಿಂತವು. "ಶಿಲ್ಪದಿಂದ ಏನಾಗತ್ತೆ?" ಎಂದು ಕೇಳಿದ. ಅದರಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಗೊತ್ತಿಲ್ಲ. ಗೊತ್ತಿದ್ರೆ ಯಾಕೆ ಸೇರ್ತಿದ್ದೆ" ಎಂದರು ಅತ್ತಿಗೆ.

ಅಮ್ಮ ನನ್ನ ಕಡೆ ತಿರುಗಿ, "ಅವಳಿಗೆ ಹೇಳು, ಕಲ್ಲು ಮಣ್ಣು ಮನೆಗೆ ತರಬಾರದು ಅಂತ" ಎಂದಳು. ಅತ್ತಿಗೆ ಕೂತಿದ್ದದ್ದು ಅಮ್ಮನ ಎದುರಿಗೇ. ಕೈಚಾಚಿದರೆ ಸಿಗುವಷ್ಟು ಹತ್ತಿರ.

೩

ಈಗ ಅಮ್ಮನ ವಿಷಯ ಹೇಳಲೇಬೇಕು.

ಅಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ಹುಡುಗಿಯರ ಹೆಗಲ ಮೇಲೆ ಹುಡುಗಿಯರನ್ನು ನಿಲ್ಲಿಸಿ ಪಿರಮಿಡ್ ಕಟ್ಟಿಸುತ್ತಿದ್ದಳು. ನಿವೃತ್ತಿಯಾದ ಮೇಲೂ ಸೀಟಿ ಊದಿದ ಹಾಗೆಯೇ ಮಾತು. ಹೋದ ವರ್ಷ ಮೇಲಿನ ಕಪಾಟಿನಿಂದ ಡಬ್ಬ ಇಳಿಸಲು ಸ್ಟೂಲ್ ಹತ್ತಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಹಿಡಿತ ಮಾತ್ರ ಮೊದಲಿನಂತಾಗಲಿಲ್ಲ. ಅತ್ತಿಗೆ, ಒಳ್ಳೆಯದಕ್ಕೇ, ಸ್ಟೂಲನ್ನು ಹಿಂದಿನ ಕೋಣೆಗೆ ಹಾಕಿ ಬೀಗ ಜಡಿದರು. ಭಾರದ ಪಾತ್ರೆಗಳನ್ನೆಲ್ಲ ಅಮ್ಮನ ಕೈಗೆ ಸಿಗದ ಕಡೆ ಸಾಗಿಸಿದರು. "ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ, ನಾವಿಲ್ವಾ" ಎಂದರು.

ಅಷ್ಟೇ. ಅವತ್ತಿನಿಂದ ಅಮ್ಮ ಅತ್ತಿಗೆಯ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹೇಳುವುದೆಲ್ಲ ನನ್ನ ಮೂಲಕ. ನಾನಿಲ್ಲದಾಗ ಫ್ರಿಜ್ಜಿನ ಮೂಲಕ. "ಹಾಲು ಮುಗಿದಿದೆ" ಎಂದು ಅಮ್ಮ ಫ್ರಿಜ್ಜಿಗೆ ಹೇಳುವುದು, ಅತ್ತಿಗೆ ಹೋಗಿ ತರುವುದು.

(ಅಮ್ಮ ಇದನ್ನು ಓದಿ, "ನನ್ನ ಯಾಕೋ ವಿಲನ್ ಮಾಡಿದೀಯಾ?" ಎಂದಳು.

"ಆದದ್ದನ್ನ ಬರೆದೆ ಅಷ್ಟೆ."

"ಆದದ್ದು ಬರೆಯೋನು ಇದನ್ನೂ ಬರಿ. ಮನುಷ್ಯರನ್ನ ಒಂದು ಮೂಲೇಲಿ ಕೂರಿಸಿ ದಿನಾ ಧೂಳು ಒರೆಸಿದ್ರೆ ಅವರು ಶೋಕೇಸ್ ಗೊಂಬೆ ಆಗ್ತಾರೆ."

ಬರೆದಿದ್ದೇನೆ.)

೫

ನಾಲ್ಕನೆಯ ಭಾಗ ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಕಲೆ ಎಂದರೇನು ಎಂಬ ಬಗ್ಗೆ ನನ್ನ ಸ್ವಂತ ಅಭಿಪ್ರಾಯಗಳಿದ್ದವು. ಅತ್ತಿಗೆ ಹರಿದುಹಾಕಿದರು.

ತರಗತಿಯ ಮೇಡಂ ಬೆಳ್ಳಿಗೂದಲಿನ ಸಣ್ಣ ಹೆಂಗಸು. ಮಾತು ಚುಚ್ಚುತ್ತದೆ ಎಂದು ವಿದ್ಯಾರ್ಥಿಗಳು ಉಳಿ ಮೇಡಂ ಎನ್ನುತ್ತಾರೆ. ಮೊದಲ ವಾರವೇ, "ಮನೇಲಿ ಕೈಗೆ ಸಿಕ್ಕಿದ್ದು ತಂದು ಏನಾದ್ರೂ ಮಾಡಿ" ಎಂದರಂತೆ. ಅತ್ತಿಗೆ ಎರಡು ಬಕೆಟ್, ಜರಡಿ, ಛತ್ರಿ, ಒಂದು ಹೊರೆ ಹ್ಯಾಂಗರ್ ಹೊತ್ತುಕೊಂಡು ಬಸ್ಸು ಹತ್ತಿದರು. ಎಲ್ಲವನ್ನೂ ತಂತಿಯಿಂದ ಬಿಗಿದು ಒಂದು ಹಕ್ಕಿ ಮಾಡಿದರು. ಜರಡಿ ಮುಖ, ಛತ್ರಿ ರೆಕ್ಕೆ. ತಮಗೇ ಮೆಚ್ಚುಗೆಯಾಯಿತು.

ಮೇಡಂ ನೋಡಿದರು. "ಬಕೆಟ್ಟನ್ನ ಹಿಡಿದು, ಕಟ್ಟಿ, ಹಕ್ಕಿ ಆಗು ಅಂತ ಹೆದರಿಸಿದೀರಾ. ಪಾಪ, ಅದು ಆಗಿಲ್ಲ. ಇದಿನ್ನೂ ಸಾಮಾನು. ಶಿಲ್ಪ ಅಲ್ಲ."

ಮೊದಲ ಕರಡಿನಲ್ಲಿ ನಾನು ಹೀಗೆ ಬರೆದಿದ್ದೆ: 'ಅವಳು ಬಸ್ಸಿನ ಕಿಟಕಿಗೆ ಹಣೆಯೊತ್ತಿ ಮೌನವಾಗಿ ಅತ್ತಳು.'

"ನಾನೆಲ್ಲಿ ಅತ್ತೆ? ಕಿಟಕಿ ಇರಲಿ, ಸೀಟೇ ಸಿಕ್ಕಿರಲಿಲ್ಲ" ಎಂದರು ಅತ್ತಿಗೆ. "ಎರಡೂ ಕೈಯಲ್ಲಿ ಬಕೆಟ್ ಹಿಡ್ಕೊಂಡು ನಿಂತೋರಿಗೆ ಕಣ್ಣು ಒರೆಸ್ಕೊಳೋಕೆ ಮೂರನೇ ಕೈ ಬೇಕು. ನಂಗೆ ಬಂದಿದ್ದು ಸಿಟ್ಟು. ಸಿಟ್ಟು ಅಂತ ಬರಿ."

ಸಿಟ್ಟು ಬಂದಿತ್ತು.

(ಗಂಡನ ತಾಯಿಗೂ ಕಣ್ಣೀರಿಗೂ ಕನ್ನಡದಲ್ಲಿ 'ಅತ್ತೆ' ಎಂಬ ಒಂದೇ ಮಾತು ಸಾಲುತ್ತದೆ ಎಂಬುದರ ಮೇಲೆ ಇಲ್ಲೊಂದು ಚಮತ್ಕಾರ ಮಾಡಬೇಕೆಂದಿದ್ದೆ. ಮನೆಯಲ್ಲಿ ಇಬ್ಬರೂ ಬೇಡವೆಂದರು.)

೬

ಕೊನೆಯ ಪರೀಕ್ಷೆಗೆ ಮೇಡಂ ಕೊಟ್ಟ ನಿಯಮ ಇದು. ನಿಮಗಿಂತ ಎತ್ತರದ್ದು ಏನನ್ನಾದರೂ ನಿಲ್ಲಿಸಿ. ಮನೆಯಲ್ಲಿ ದಿನಾ ಬಳಸುವ ವಸ್ತುಗಳೇ ಆಗಬೇಕು. ಅಂಟು, ಮೊಳೆ, ಹಗ್ಗ, ತಂತಿ ಏನೂ ಕೂಡದು. ಕೆಲಸ ಮುಗಿದ ಮೇಲೆ ಪ್ರತಿಯೊಂದು ವಸ್ತುವೂ ತನ್ನ ಕೆಲಸಕ್ಕೆ ವಾಪಸ್ ಹೋಗುವಂತಿರಬೇಕು. ಯಾರದು ನಿಲ್ಲುತ್ತದೋ ಅವರಿಗೆ ದೊಡ್ಡ ಶೆಡ್ಡು: ಕಲ್ಲು, ಕಬ್ಬಿಣ, ಬೆಂಕಿ. ಉಳಿದವರಿಗೆ ನಮಸ್ಕಾರ.

ದೊಡ್ಡ ಶೆಡ್ಡಿನ ಬಾಗಿಲ ಸಂದಿಯಿಂದ ಅತ್ತಿಗೆ ಒಮ್ಮೆ ಒಳಗೆ ನೋಡಿದ್ದರಂತೆ. ಯಾರೋ ಒಬ್ಬಳು ಕಬ್ಬಿಣದ ಮುಂದೆ ಕೂತು, ಏನೂ ಮಾಡದೆ, ಅದನ್ನೇ ದಿಟ್ಟಿಸುತ್ತಿದ್ದಳಂತೆ. "ನಂಗೂ ಹಾಗೆ ಕೂರಬೇಕು ಅನ್ನಿಸ್ತು" ಎಂದರು. "ಅಂಗಡೀಲಿ ಬೇರೆಯವರಿಗೆ ಕಾಣ್ತಿದೆಯಾ ಅಂತ ಕೇಳಿ ಕೇಳಿ, ನಂಗೇನು ಕಾಣ್ತಿದೆ ಅಂತ ಯಾರೂ ಕೇಳಿಲ್ಲ."

(ಇದು ಅವರದೇ ಮಾತು. ನನ್ನದಾಗಿದ್ದರೆ ಇಷ್ಟು ಚೆನ್ನಾಗಿರುತ್ತಿರಲಿಲ್ಲ.)

ಹಜಾರದಲ್ಲಿ ಕಟ್ಟುವುದು ಶುರುವಾಯಿತು. ಮನೆಯಿಂದ ವಸ್ತುಗಳು ಒಂದೊಂದಾಗಿ ಕಾಣೆಯಾದವು. ಅಣ್ಣನ ಮಡಚುವ ಏಣಿ ಹೋಯಿತು. ಇಸ್ತ್ರಿ ಮೇಜು ಹೋಯಿತು, ನಾವು ಸುಕ್ಕುಸುಕ್ಕಾಗಿ ತಿರುಗಿದೆವು. ಬಕೆಟ್ ಹೋದ ದಿನ ಅಣ್ಣ ಪಾತ್ರೆಯಲ್ಲಿ ನೀರು ತುಂಬಿಕೊಂಡು ಸ್ನಾನ ಮಾಡಿದ. ಕಟ್ಟಿದ್ದು ಬೀಳುತ್ತಿತ್ತು. ಎತ್ತಿ ಕಟ್ಟಿದರೆ ಮತ್ತೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಕೆಳಗಿನ ಮನೆಯವರು ಕೋಲಿನಿಂದ ಅವರ ಸೂರಿಗೆ ಕುಟ್ಟುತ್ತಿದ್ದರು. ಅಮ್ಮನ ಕೋಣೆಯಿಂದ ದನಿ ಬರುತ್ತಿತ್ತು: "ಬಿತ್ತು ಅಂತ ಹೇಳು ಅವಳಿಗೆ."

"ಬಿತ್ತಂತೆ" ಎಂದು ನಾನು ಹೇಳುತ್ತಿದ್ದೆ.

"ಕೇಳಿಸ್ತು" ಎನ್ನುತ್ತಿದ್ದರು ಅತ್ತಿಗೆ, ಉರುಳಿದ ಕುಕ್ಕರ್ ಹುಡುಕುತ್ತಾ.

೭

ಆ ಮಧ್ಯಾಹ್ನ ಅಂಗಡಿಗೆ ರಜೆ. ಪರೀಕ್ಷೆ ಹತ್ತಿರ ಬಂದಿತ್ತು. ಅತ್ತಿಗೆ ಏಣಿಯನ್ನು ಬಿಡಿಸಿ ನಿಲ್ಲಿಸಿ, ಅದರ ತುದಿಯ ಮೇಲೆ ಇಸ್ತ್ರಿ ಮೇಜಿನ ಹಲಗೆಯನ್ನು ತಕ್ಕಡಿಯ ದಂಡದಂತೆ ಅಡ್ಡಡ್ಡ ಇಟ್ಟಿದ್ದರು. ಒಂದು ತುದಿಗೆ ಬಕೆಟ್ಟುಗಳು ತೂಗುತ್ತಿದ್ದವು. ನಡುವೆ ತಲೆಕೆಳಗಾದ ಕುರ್ಚಿ. ಅವರು ಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಅಲ್ಲಾಡದಂತೆ ಮಾಡಿ, ಮೆಲ್ಲಗೆ ಕೈಬಿಡುತ್ತಿದ್ದರು. ಬಿಟ್ಟೊಡನೆ ಎಡಕ್ಕೆ ವಾಲುತ್ತಿತ್ತು. ಮತ್ತೆ ಹಿಡಿಯುತ್ತಿದ್ದರು.

ಅಮ್ಮ ನೀರು ಕುಡಿಯಲು ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು. ಲೋಟ ಕೈಯಲ್ಲೇ ಇತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ಮಾತಾಡಿದಳು. ನನ್ನ ಕಡೆ ನೋಡಲಿಲ್ಲ.

"ಕೆಳಗಿರೋಳಿಗೆ ಉಸಿರಾಡೋಕೆ ಬಿಡೆ."

ಅತ್ತಿಗೆಯ ಕೈ ಹಲಗೆಯ ಮೇಲೆ ಹಾಗೇ ನಿಂತಿತು. "ಏನತ್ತೆ?"

"ಭಾರ ಹೊತ್ತೋಳನ್ನ ಬಿಗಿಯಾಗಿ ಹಿಡಿದ್ರೆ ಬೀಳ್ತಾಳೆ. ಎಷ್ಟು ಹುಡುಗೀರನ್ನ ನಿಲ್ಲಿಸಿಲ್ಲ ನಾನು. ಒಂಚೂರು ಅಲ್ಲಾಡೋಕೆ ಬಿಡಬೇಕು. ಅಲ್ಲಾಡಿ ಅಲ್ಲಾಡಿ ಅವಳೇ ಅವಳ ಜಾಗ ಹುಡುಕ್ಕೋತಾಳೆ."

(ಇಲ್ಲಿ ಲೇಖಕ ಎರಡು ಪುಟ ಬರೆಯಬಹುದು. ಲೇಖಕ ಪುಸ್ತಕ ಓದುವ ನಟನೆ ಮಾಡುತ್ತಿದ್ದ. ಪುಟ ತಿರುಗಿಸಲು ಧೈರ್ಯ ಬರಲಿಲ್ಲ.)

"ಕುಕ್ಕರ್ ಯಾವ ಕಡೆಗೆ ಇಡ್ಲಿ?" ಎಂದು ಅತ್ತಿಗೆ ಕೇಳಿದರು.

"ಕೊಡು ಇಲ್ಲಿ." ಅಮ್ಮ ಲೋಟ ಕೆಳಗಿಟ್ಟಳು.

ಅದು ದೊಡ್ಡ ಕುಕ್ಕರ್. ಅಮ್ಮನ ಕೈಗೆ ಸಿಗದಂತೆ ಅತ್ತಿಗೆ ಮೊದಲು ಎತ್ತಿಟ್ಟ ವಸ್ತುವೇ ಅದು. ಅತ್ತಿಗೆ ಅಮ್ಮನ ಮಣಿಕಟ್ಟು ನೋಡಿದರು, ಮುಖ ನೋಡಿದರು, ಕೊಟ್ಟರು. ಅಮ್ಮ ಎರಡೂ ಕೈಯಲ್ಲಿ ಅವಚಿಕೊಂಡು ನಡೆದು, ಹಲಗೆಯ ಖಾಲಿ ತುದಿಗೆ ಇಟ್ಟಳು. ಹಲಗೆ ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಅತ್ತಿಗೆ ಹಿಡಿಯಲು ಹೋದರು. "ಮುಟ್ಟಬೇಡ" ಎಂದಳು ಅಮ್ಮ. ಅತ್ತಿಗೆ ಕೈಗಳನ್ನು ಹಿಂದೆ ಕಟ್ಟಿಕೊಂಡರು. ಹಲಗೆ ತೂಗುತ್ತಾ, ತೂಗಾಟ ಕಡಿಮೆಯಾಗುತ್ತಾ, ನಿಂತಿತು.

(ಕರಡಿನಲ್ಲಿ ಇಬ್ಬರೂ ಇಲ್ಲಿ ಅಪ್ಪಿಕೊಂಡಿದ್ದರು. ಇಬ್ಬರೂ ಬೇರೆ ಬೇರೆ ಶಾಯಿಯಲ್ಲಿ ಹೊಡೆದುಹಾಕಿದ್ದಾರೆ.)

ಆಮೇಲೆ ಹಜಾರ ಶಾಲೆಯ ಮೈದಾನವಾಯಿತು. "ಕುರ್ಚಿ, ಒಂದು ಹೆಜ್ಜೆ ಹಿಂದೆ." "ಜರಡಿ, ತಲೆ ಮೇಲೆ." ಅತ್ತಿಗೆ ಎಲ್ಲವನ್ನೂ ಪಾಲಿಸಲಿಲ್ಲ. "ಬೇಡ ಅತ್ತೆ, ಛತ್ರಿ ಬಿಚ್ಚಿಯೇ ಇರ್ಲಿ. ಆ ಖಾಲಿ ಜಾಗ ನಂಗೆ ಬೇಕು" ಎಂದರು. "ಖಾಲಿ ಜಾಗ ಯಾಕೆ?" "ನೋಡಿ, ಅದರೊಳಗಿಂದ ಕಿಟಕಿ ಕಾಣತ್ತೆ." ಅಮ್ಮ ಬಗ್ಗಿ ನೋಡಿದಳು. ಕಂಡಿತು. ಒಪ್ಪಿದಳು.

ಒಂದಕ್ಕೊಂದು ಕೊಕ್ಕೆ ಹಾಕಿದ ಹ್ಯಾಂಗರುಗಳ ಸರಪಳಿಯನ್ನು ತುದಿಗೆ ಇಡಬೇಕಿತ್ತು, ಯಾರ ಕೈಗೂ ಎಟುಕಲಿಲ್ಲ. ಅತ್ತಿಗೆ ಹೋಗಿ ಹಿಂದಿನ ಕೋಣೆಯ ಬೀಗ ತೆಗೆದು ಸ್ಟೂಲ್ ತಂದಿಟ್ಟರು. ತಾವು ಹತ್ತಲಿಲ್ಲ. ಪಕ್ಕಕ್ಕೆ ನಿಂತರು.

ಅಮ್ಮ ಹತ್ತಿದಳು. ಅತ್ತಿಗೆ ಸ್ಟೂಲಿನ ಕಾಲಿಗೆ ಎರಡು ಬೆರಳು ಮಾತ್ರ ತಾಗಿಸಿದ್ದರು. ನಾನು ಓಡಿಹೋಗಿ ಎರಡೂ ಕೈ ಚಾಚಿ ನಿಂತೆ.

"ಕೈ ಇಳಿಸೋ" ಎಂದಳು ಅಮ್ಮ ಮೇಲಿನಿಂದ. "ಉದುರೋವಷ್ಟು ಹಣ್ಣಾಗಿಲ್ಲ ನಾನು."

೮

ಅದು ನಿಂತಿತು. ಹೇಗಿತ್ತು ಎಂದು ಹೇಳಲು ಹೊರಟು ಮೂರು ಹಾಳೆ ಕೆಡಿಸಿದ್ದೇನೆ. ಹಕ್ಕಿಯಾಗಿರಲಿಲ್ಲ, ಮನುಷ್ಯನಾಗಿರಲಿಲ್ಲ. ಕುಕ್ಕರ್ ಕುಕ್ಕರ್ ಆಗಿಯೇ ಇತ್ತು, ಬಕೆಟ್ ಬಕೆಟ್ಟೇ. ಆದರೂ ಅವೆಲ್ಲ ಯಾವುದೋ ಮಾತನ್ನು ಅರ್ಧಕ್ಕೆ ನಿಲ್ಲಿಸಿ ನಮ್ಮ ಕಡೆ ತಿರುಗಿದ ಹಾಗಿತ್ತು. ಯಾರಾದರೂ ನಡೆದರೆ ತುಸು ತೂಗುತ್ತಿತ್ತು.

ಸಂಜೆ ಅಣ್ಣ ಬಂದ. ಸುತ್ತ ನಡೆದ. ಟೇಪು ತೆಗೆದು ಬಾಗಿಲು ಅಳೆದ. "ಇದು ಹೊರಗೆ ಹೋಗಲ್ಲ" ಎಂದ. "ಬಾಗಿಲಲ್ಲೂ ಹಿಡಿಸಲ್ಲ. ಲಿಫ್ಟಲ್ಲಂತೂ ಕೇಳಲೇಬೇಡಿ."

ಬಿಚ್ಚಿದರೆ ಮತ್ತೆ ನಿಲ್ಲುತ್ತದೆ ಎಂಬ ನಂಬಿಕೆ ಯಾರಿಗೂ ಇರಲಿಲ್ಲ. ಅತ್ತಿಗೆ ಫೋನ್ ಎತ್ತಿಕೊಂಡರು. "ಮೇಡಂ, ನನ್ನದನ್ನ ತರೋಕಾಗಲ್ಲ. ನೀವೇ ಬರಬೇಕು" ಎಂದರು. ಆಚೆ ಕಡೆಯಿಂದ ಮೇಡಂ ಏನೋ ಕೇಳಿದರು. "ಇಲ್ಲ ಮೇಡಂ, ಚಿಕ್ಕದು ಮಾಡಲ್ಲ" ಎಂದರು.

ಪರೀಕ್ಷೆಯ ದಿನ ಮೇಡಂ ಬಂದರು. ಹಿಂದೆ ಇಡೀ ತರಗತಿ.

೯

ಈಗ ಅಂತ್ಯ. ನನ್ನ ಬಳಿ ಕೆಲವಿವೆ.

ಒಂದು: ಮೇಡಂ ಒಳಗೆ ಕಾಲಿಡುತ್ತಲೇ ಕೆಳಗಿನ ಮನೆಯವರು ಸೂರಿಗೆ ಕುಟ್ಟುತ್ತಾರೆ, ಎಲ್ಲ ಕುಸಿಯುತ್ತದೆ. ಓದುಗರು ನಗುತ್ತಾರೆ, ಆಮೇಲೆ ಮರುಗುತ್ತಾರೆ. ("ನಿನ್ನ ನಾಲಿಗೆ ಬಿದ್ದುಹೋಗ" ಎಂದಳು ಅಮ್ಮ.)

ಇನ್ನೊಂದು: ಮೇಡಂ 'ಇದಿನ್ನೂ ಸಾಮಾನೇ' ಎನ್ನುತ್ತಾರೆ. ಅತ್ತಿಗೆ ಮುಗುಳ್ನಗುತ್ತಾರೆ, ಏಕೆಂದರೆ ಅವರಿಗೆ ಈಗ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಸಂಪಾದಕರಿಗೆ ಬಹಳ ಹಿಡಿಸುವ ಅಂತ್ಯ. ("ಯಾರಂದ್ರು ಬೇಕಾಗಿಲ್ಲ ಅಂತ?" ಎಂದರು ಅತ್ತಿಗೆ. "ಅವರು ಬರೋಕೆ ಮುಂಚೆ ಆ ಒಂದೇ ಕಿಟಕೀನ ನಾಲ್ಕು ಸಲ ಒರೆಸಿದ್ದೆ ನಾನು.")

ಮೂರನೆಯದು ನಡೆದದ್ದು. ನಡೆದದ್ದಕ್ಕೆ ಸಾಹಿತ್ಯದಲ್ಲಿ ಮರ್ಯಾದೆ ಕಡಿಮೆ, ಆದರೂ ಹೇಳುತ್ತೇನೆ.

ಮೇಡಂ ಸುತ್ತ ನಡೆದರು. ನೆಲಕ್ಕೆ ಕೂತು ಏಣಿಯ ಕೆಳಗೆ ತಲೆ ತೂರಿಸಿ ಮೇಲೆ ನೋಡಿದರು. ವಿದ್ಯಾರ್ಥಿಗಳು ಗೋಡೆಗೆ ಬೆನ್ನು ಹಚ್ಚಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಮೇಡಂ ಎದ್ದು, ಒಂದು ಬೆರಳಿನಿಂದ ಹಲಗೆಯ ತುದಿಯನ್ನು ಒತ್ತಿದರು.

ಇಡೀ ವಸ್ತು ತೂಗಿತು. ಬಕೆಟ್ಟುಗಳು ಮೇಲೆದ್ದವು, ಕುಕ್ಕರ್ ಕೆಳಗಿಳಿಯಿತು, ಹ್ಯಾಂಗರುಗಳು ಕಿಣಿಕಿಣಿ ಎಂದವು. ಯಾರೋ "ಅಯ್ಯೋ" ಎಂದರು. ಅತ್ತಿಗೆಯ ಕೈ ಹಿಂದೆಯೇ ಇತ್ತು. ವಸ್ತು ತೂಗಿ, ತೂಗಿ, ತನ್ನ ಜಾಗಕ್ಕೆ ಬಂದು ನಿಂತಿತು.

ಮೇಡಂ ಈ ಸಲ ಅಂಗೈಯಿಂದಲೇ ತಳ್ಳಿದರು. ಹಲಗೆ ಹೆಚ್ಚು ಹೊತ್ತು ತೂಗಿತು. ನಿಂತಿತು.

"ಯಾರು ಹೇಳ್ಕೊಟ್ಟಿದ್ದು?"

"ನಮ್ಮತ್ತೆ."

"ನಾನು ಬರೀ ಕೂಗಾಡಿದ್ದು" ಎಂದಳು ಅಮ್ಮ. "ಖಾಲಿ ಜಾಗ ಎಲ್ಲಿ ಬಿಡಬೇಕು ಅಂತ ಗೊತ್ತಿದ್ದಿದ್ದು ಅವಳಿಗೆ."

ಮೇಡಂ ಛತ್ರಿಯ ಒಳಗಿನಿಂದ ಕಿಟಕಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಮುಂದಿನ ಶನಿವಾರ ದೊಡ್ಡ ಶೆಡ್ಡಿಗೆ ಬಂದ್ಬಿಡಿ" ಎಂದರು. "ಉದ್ದ ತೋಳಿನ ಬಟ್ಟೆ ಹಾಕ್ಕೊಂಡು ಬನ್ನಿ. ಕಿಡಿ ಹಾರತ್ತೆ."

ಚಪ್ಪಾಳೆ ಹೊಡೆದವನು ಅಣ್ಣ. ಆಮೇಲೆ ಅವನು ವಿದ್ಯಾರ್ಥಿಗಳನ್ನು ಗುಂಪುಗುಂಪಾಗಿ ಕರೆದೊಯ್ದು, "ಈ ಏಣಿ ನಂದು" ಎಂದು ವಿವರಿಸುತ್ತಿದ್ದ.

ಅತ್ತಿಗೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗುತ್ತಾ ಕಣ್ಣಲ್ಲಿ ನೀರು ಬಂತು. (ಇದನ್ನು ಬರೆಯಲು ಒಪ್ಪಿಗೆ ಸಿಕ್ಕಿದೆ.)

೧೦

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾರನೆಯ ದಿನವೇ ಕುಕ್ಕರ್ ಒಲೆಗೆ ಹೋಯಿತು, ಅಣ್ಣನಿಗೆ ಬಕೆಟ್ ಸಿಕ್ಕಿತು. ಅಮ್ಮ, ಅತ್ತಿಗೆ ಈಗ ನೇರವಾಗಿ ಜಗಳವಾಡುತ್ತಾರೆ, ಮನೆ ಹಾರಿಹೋಗುವಂತೆ. ನಡುವೆ ನನಗೆ ಕೆಲಸವಿಲ್ಲ, ಅದಕ್ಕೇ ಕಥೆ ಬರೆಯುತ್ತಿದ್ದೇನೆ. ಸಮಾರೋಪಕ್ಕೆಂದು ಒಂದು ಗಂಭೀರವಾದ ಪ್ಯಾರಾ ಯೋಚಿಸಿಟ್ಟುಕೊಂಡು—

"ಮುಗೀತಾ?" ಅತ್ತಿಗೆ ಬಾಗಿಲಲ್ಲಿ ನಿಂತಿದ್ದಾರೆ. ನನ್ನನ್ನಲ್ಲ, ನನ್ನ ಮೇಜನ್ನು ನೋಡುತ್ತಿದ್ದಾರೆ.

"ಇಲ್ಲ."

"ಒಳ್ಳೇದಾಯ್ತು, ಮುಗಿಸಬೇಡ. ಮೇಜು ಬೇಕಿತ್ತು."

ಅಮ್ಮ ಆಗಲೇ ಒಳಗೆ ಬಂದು ಮೇಜಿನ ಒಂದು ತುದಿಗೆ ಕೈ ಹಾಕಿದ್ದಾಳೆ. ಹಾಳೆಗಳು ಇನ್ನೂ ಅದರ ಮೇಲೇ ಇವೆ. ಮೇಜು ಎದ್ದಿತು. ನಾನೂ ಎದ್ದು ಪಕ್ಕದಲ್ಲೇ ನಡೆಯುತ್ತಾ ಬರೆಯುತ್ತಿದ್ದೇನೆ. "ನಿಧಾನ" ಎನ್ನುತ್ತಾರೆ ಒಬ್ಬರು, "ಇನ್ನೂ ಮೇಲಕ್ಕೆ" ಎನ್ನುತ್ತಾರೆ ಇನ್ನೊಬ್ಬರು. ಈ ಸಾಲು ಓರೆಯಾಗಿದ್ದರೆ ಮನ್ನಿಸಿ, ಬಾಗಿಲು ದಾಟುತ್ತಿದ್ದೇವೆ