ನೀರಿನಡಿಯ ಜೋಡಿ ಒಂಬತ್ತು

ಎವೆಲಿಯೋ ಬಾಗಿಲಿಗೆ ಬಂದು, ತನ್ನ ಮೀನಿನ ತೊಟ್ಟಿಗೆ ಒಂದು ಸ್ಪಂಜಿನ ಫಿಲ್ಟರ್ ಮಾಡಿಕೊಡು ಎಂದು ಕೇಳಿದಾಗ ಸೊರಾಯ್ದಾಗೆ ಮೊದಲು ಬಂದದ್ದು ನಗು. ಅದರ ಹಿಂದೆಯೇ ಹದಿನಾಲ್ಕು ತಿಂಗಳ ಸಿಟ್ಟು. ಕದವನ್ನು ಅವನ ಮುಖಕ್ಕೇ ಬಡಿಯಬೇಕಿತ್ತು. ಬಡಿಯಲಿಲ್ಲ.

"ಒಳಗ್ ಬಾ. ಕಾಫಿ ಕಾಯಿಸ್ತೀನಿ" ಎಂದಳು.

ಬಂದರಿನೂರಾದ ರೆಗ್ಲಾದಲ್ಲಿ ಎವೆಲಿಯೋನಷ್ಟು ಶುಭ್ರವಾದ ಮನುಷ್ಯ ಇನ್ನೊಬ್ಬನಿಲ್ಲ. ಅವನ ಕ್ಷೌರದಂಗಡಿಯ ಕನ್ನಡಿಯಲ್ಲಿ ಒಂದು ಕಲೆ ಇರುವುದಿಲ್ಲ, ಬಿಳಿ ಅಂಗಿಯಲ್ಲಿ ಒಂದು ಸುಕ್ಕಿರುವುದಿಲ್ಲ. ಕೊಳಕೆಲ್ಲ ಇದ್ದದ್ದು ಕೈಯಲ್ಲಿ. ಸೊರಾಯ್ದಾ ಪಿತ್ತಕೋಶದ ಆಪರೇಷನ್ನಿಗೆಂದು ಹತ್ತು ದಿನ ಆಸ್ಪತ್ರೆ ಸೇರಿದಾಗ ಮನೆಯ ಬೀಗದಕೈಯನ್ನು ನಂಬಿ ಕೊಟ್ಟದ್ದು ಅದೇ ಕೈಗೆ. "ಮೀನಿಗೆ ದಿನಾ ಒಂದು ಚಿಟಿಕೆ ಹಾಕು, ಸಾಕು" ಎಂದಿದ್ದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದರೆ ಗಾಜಿನ ತೊಟ್ಟಿ ಖಾಲಿ. ಒಳಗೆ ಒಂದು ಹನಿ ನೀರಿಲ್ಲ, ತೊಳೆದು ಒರೆಸಿ ಇಟ್ಟಿತ್ತು.

"ಹದಿನೆಂಟು ಗಂಟೆ ಕರೆಂಟ್ ಇರ್ಲಿಲ್ಲ ಕಣೇ. ಪಂಪ್ ನಿಂತೋಯ್ತು, ಎಲ್ಲಾ ಸತ್ತೋದ್ವು. ಆ ಫಿಲ್ಟರೂ ನಾರ್ತಿತ್ತು, ಎಲ್ಲಾನೂ ಕಸಕ್ಕೆ ಹಾಕ್ಬಿಟ್ಟೆ" ಎಂದು ಎವೆಲಿಯೋ ಕಣ್ಣೊರೆಸಿಕೊಂಡಿದ್ದ. ಕಣ್ಣಲ್ಲಿ ನೀರು ಕೂಡ ಇತ್ತು, ಆ ಮಹಾನುಭಾವನಿಗೆ.

ಪಕ್ಕದ ಮನೆಯ ಮಿಗ್ದಾಲಿಯಾ ಮಾರನೆಯ ದಿನ ಸಾರು ತಂದಾಗ, "ಕರೆಂಟಾ? ಯಾವ ಕರೆಂಟು? ನಮ್ಮದು ಆಸ್ಪತ್ರೆ ಲೈನು, ಆ ವಾರ ಒಂದ್ ಗಂಟೇನೂ ಹೋಗಿಲ್ಲ" ಎಂದಳು. ಎರಡು ತಿಂಗಳ ಮೇಲೆ ಮೀನು ಸಾಕುವವರ ಸಂಘದ ಸ್ಪರ್ಧೆಯಲ್ಲಿ ಎವೆಲಿಯೋ ಮೊದಲ ಬಹುಮಾನ ಹೊಡೆದ. ಜಾಡಿಯೊಳಗೆ ಈಜುತ್ತಿದ್ದದ್ದು ಕೆಂಪು ಬಾಲದ ಗಪ್ಪಿ, ಬಾಲದ ಬುಡದಲ್ಲಿ ಅರ್ಧಚಂದ್ರದ ಹಾಗೆ ಕಪ್ಪು ಗುರುತು. ಸೊರಾಯ್ದಾಳ ಅಪ್ಪ ಸೆವೆರೀನೋ ಬಂದರಿನಲ್ಲಿ ಕ್ರೇನು ಓಡಿಸುತ್ತ, ಇಪ್ಪತ್ತೆರಡು ವರ್ಷ ಆರಿಸಿ ಆರಿಸಿ ಬೆಳೆಸಿದ ಕರಿಚಂದ್ರದ ತಳಿ ಅದು. ಸಾಯುವಾಗ ಅವನು ಮಗಳಿಗೆ ಬಿಟ್ಟುಹೋದದ್ದು ಅದೊಂದೇ. ಕೇಳಿದವರಿಗೆ ಎವೆಲಿಯೋ ಕೊಟ್ಟ ಉತ್ತರ ಸಿದ್ಧವಾಗಿತ್ತು: "ಸೆವೆರೀನೋ ಹಿಂದೆ ಯಾವತ್ತೋ ನಂಗೊಂದು ಜೋಡಿ ಕೊಟ್ಟಿದ್ದ." ಸತ್ತವನನ್ನು ಕೇಳುವುದು ಹೇಗೆ? ಸೊರಾಯ್ದಾ ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು. ಅಂದಿನಿಂದ ಅವಳಿಗೆ ಬೇಕಿದ್ದದ್ದು ಎರಡೇ: ಅಪ್ಪನ ಮೀನು, ಮತ್ತು ಈ ಕಳ್ಳನ ಮಾನ.

ಈಗ ಆ ಕಳ್ಳ ಅವಳ ಅಡುಗೆಮನೆಯಲ್ಲಿ ಕೂತು ಅವಳ ಸಕ್ಕರೆ ಹಾಕಿದ ಕಾಫಿ ಕುಡಿಯುತ್ತಿದ್ದ.

"ಹಳೆ ಫಿಲ್ಟರ್ ಸ್ಪಂಜು ಪುಡಿಪುಡಿಯಾಗಿ ಉದುರ್ತಿದೆ. ಸ್ಪರ್ಧೆಗೆ ಇನ್ನು ಹದಿನೆಂಟೇ ದಿನ. ರೆಗ್ಲಾದಲ್ಲಿ ಒಳ್ಳೆ ಸ್ಪಂಜು ಇರೋದು ನಿನ್ ಹತ್ರ ಮಾತ್ರ" ಎಂದ. ಹಾಗೆಂದವನು ಸ್ವಲ್ಪ ಹಿಂದಕ್ಕೆ ಒರಗಿ, "ಆದ್ರೆ ಒಂದು. ನನ್ನ ಕಣ್ಣೆದುರಿಗೇ ಮಾಡ್ಬೇಕು" ಎಂದು ಸೇರಿಸಿದ.

"ಯಾಕೆ, ವಿಷ ಹಾಕ್ತೀನಿ ಅಂತಾನಾ?"

"ಛೇ, ತಮಾಷೆಗಂದೆ."

ತಮಾಷೆ ಏನಲ್ಲ. ತಾನು ಮಾಡಿದ್ದು ತನಗೆ ಗೊತ್ತಿದ್ದವನು ಎದುರಿನವರ ಒಂದು ಮಾತನ್ನೂ ನಂಬುವುದಿಲ್ಲ. ಅವನ ಈ ಅನುಮಾನವನ್ನು ಸೊರಾಯ್ದಾ ಅಂದೇ ಮನಸ್ಸಿನಲ್ಲಿ ಗಂಟುಹಾಕಿಕೊಂಡಳು.

ಮರುದಿನ ತೊಟ್ಟಿಯ ಎತ್ತರ ಅಳೆಯಲು ಅವನ ಮನೆಗೆ ಹೋದಳು. ಹೊಲಿಗೆಯ ಟೇಪು ಹಿಡಿದು ಗಾಜಿನ ಮುಂದೆ ಬಗ್ಗಿದಳು. ಮೂವತ್ತರಷ್ಟು ಕರಿಚಂದ್ರಗಳು ಓಡಾಡುತ್ತಿದ್ದವು. ಅದಕ್ಕೆ ಅವಳು ಸಿದ್ಧವಾಗಿಯೇ ಬಂದಿದ್ದಳು. ಸಿದ್ಧವಾಗಿರದಿದ್ದದ್ದು ಮೂಲೆಯಲ್ಲಿ ಕೂತಿದ್ದ ಫಿಲ್ಟರಿಗೆ. ಕಂದುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಹರಿದು, ಕೊಳವೆಯ ಕುತ್ತಿಗೆಗೆ ನೀಲಿ ತಂತಿಯ ಮೂರು ಸುತ್ತು. ಆ ಸುತ್ತು ಅಪ್ಪನದು. ಕಸಕ್ಕೆ ಹಾಕಿದೆ ಎಂದಿದ್ದ ಫಿಲ್ಟರು!

ಅಪ್ಪ ಹಾಸಿಗೆ ಹಿಡಿಯುವ ಮುಂಚಿನ ತಿಂಗಳು ಮಾಡಿದ ಕೊನೆಯ ಫಿಲ್ಟರ್ ಅದು. ಸ್ಪಂಜು ತೇಲದಂತೆ ಒಳಗೊಂದು ಭಾರ ಬೇಕಿತ್ತು. ಅಪ್ಪ ಆಚೀಚೆ ನೋಡಿ, ತನ್ನ ಡೊಮಿನೊ ಪೆಟ್ಟಿಗೆಯಿಂದ ಜೋಡಿ ಒಂಬತ್ತನ್ನೇ, ಎರಡೂ ಅರ್ಧದಲ್ಲಿ ಒಂಬತ್ತೊಂಬತ್ತು ಚುಕ್ಕೆಯಿದ್ದು ಕೊನೆಗೆ ಕೈಯಲ್ಲಿ ಉಳಿದರೆ ಸೋಲಿಸುವ ಬಿಲ್ಲೆಯನ್ನೇ ತೆಗೆದಿದ್ದ. "ಈ ದಪ್ಪಂದು ಯಾರ ಕೈಗೂ ಬೇಡ. ಜೀವಮಾನವೆಲ್ಲಾ ನನ್ನ ಸೋಲಿಸ್ತು. ಇನ್ಮೇಲೆ ನೀರಲ್ಲಿ ಕೂತು ದುಡೀಲಿ" ಎಂದು ನಕ್ಕು, ಸ್ಪಂಜಿನ ಹೊಟ್ಟೆಯೊಳಗೆ ತುರುಕಿ ಹೊಲಿದುಬಿಟ್ಟಿದ್ದ. ಭಾನುವಾರ ಆಟಕ್ಕೆ ಕೂತ ಮಿಗ್ದಾಲಿಯಾ, ಅಬೆಲಾರ್ದೋ ಮೇಷ್ಟ್ರು, ಇದೇ ಎವೆಲಿಯೋ, ಮೂವರೂ ಬಿಲ್ಲೆ ಎಲ್ಲಿ ಎಂದರೆ "ಕೆಲಸಕ್ಕೆ ಹೋಗಿದೆ" ಎಂದಷ್ಟೇ ಹೇಳುತ್ತಿದ್ದ. ಅದರ ಜಾಗದಲ್ಲಿ ಒಂದು ಮರದ ತುಂಡಿಗೆ ಚುಕ್ಕೆ ಇಟ್ಟು ಆಡುತ್ತಿದ್ದರು, ಇವತ್ತಿಗೂ ಮೇಷ್ಟ್ರ ಜಗಲಿಯಲ್ಲಿ ಹಾಗೆಯೇ ಆಡುತ್ತಾರೆ. ನಿಜವಾದ ಬಿಲ್ಲೆ ಎಲ್ಲಿದೆಯೆಂದು ಗೊತ್ತಿದ್ದದ್ದು ಮಗಳೊಬ್ಬಳಿಗೇ.

ಇನ್ನೊಂದನ್ನೂ ಅವಳು ಕಂಡಳು. ಸ್ಪಂಜು ಹರಿದ ಸಂದುಗಳಲ್ಲಿ ಸಾಸಿವೆ ಗಾತ್ರದ ಕಣ್ಣುಗಳು ಹೊಳೆದವು. ಒಂದೆರಡು ದಿನದ ಹಿಂದೆ ಹುಟ್ಟಿದ ಮರಿಗಳು, ದೊಡ್ಡ ಮೀನು ತಿಂದುಬಿಡುತ್ತದೆಂದು ಒಳಗೆ ಅವಿತಿದ್ದವು. ಎವೆಲಿಯೋ ಕನ್ನಡಿಯಲ್ಲಿ ಮೀಸೆ ತೀಡಿಕೊಳ್ಳುತ್ತಿದ್ದ. ಅವನಿಗೆ ಇದೊಂದೂ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಸೊರಾಯ್ದಾ ಮಿಗ್ದಾಲಿಯಾಳನ್ನೂ ಕರೆದು, ಬಟಾಣಿ ಬಿಡಿಸುವ ನೆಪದಲ್ಲಿ ಕೂರಿಸಿಕೊಂಡಿದ್ದಳು. ಎವೆಲಿಯೋ ಎದುರಿಗೆ ಕುರ್ಚಿ ಹಾಕಿಕೊಂಡು ನ್ಯಾಯಾಧೀಶನ ಗತ್ತಿನಲ್ಲಿ ಕೂತ. ಹಳೆಯ ತೊಟ್ಟಿಲ ಹಾಸಿಗೆಯ ಸ್ಪಂಜನ್ನು ಅವಳು ಬ್ಲೇಡಿನಿಂದ ಮುಷ್ಟಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿದಳು. ಎವೆಲಿಯೋ ಅದನ್ನು ಇಸಿದುಕೊಂಡು ಮೂಸಿದ, ಹಿಸುಕಿದ, ಬೆಳಕಿಗೆ ಹಿಡಿದ.

"ಬೇಕಾದ್ರೆ ನೆಕ್ಕಿ ನೋಡು" ಎಂದಳು ಮಿಗ್ದಾಲಿಯಾ.

ಕಂಬಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಸ್ಪಂಜಿನ ನಡುವೆ ತೂರಿಸಿದಾಗ ಸುಟ್ಟ ವಾಸನೆ ಅಂಗಳ ತುಂಬಿತು. ಹೆಬ್ಬೆರಳು ದಪ್ಪದ ಪ್ಲಾಸ್ಟಿಕ್ ಕೊಳವೆಯ ಕೆಳಭಾಗಕ್ಕೆ ಕಾದ ಮೊಳೆಯಿಂದ ತೂತುಗಳನ್ನು ಮಾಡಿ, ಆ ಭಾಗವನ್ನು ಸ್ಪಂಜಿನೊಳಗೆ ಇಳಿಸಿದಳು. ಭಾರಕ್ಕೆ ತೊಳೆದ ಬೆಣಚುಕಲ್ಲು. ಗಾಳಿಗೆ ಆಸ್ಪತ್ರೆಯ ಗ್ಲೂಕೋಸ್ ನಳಿಕೆ. ಬಕೆಟ್ಟಿನಲ್ಲಿ ಮುಳುಗಿಸಿ ಪಂಪು ಹಚ್ಚಿದಾಗ ಗುಳ್ಳೆಗಳು ಕೊಳವೆಯೊಳಗೆ ಏರಿ, ಜೊತೆಗೆ ನೀರನ್ನು ಸ್ಪಂಜಿನ ಮೂಲಕ ಎಳೆದುಕೊಂಡು ಮೇಲೆ ಬುಳಬುಳನೆ ಉಗುಳಿದವು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ. ಇಂಥ ಚೆಂದದ ಕೆಲಸವನ್ನು ಇಂಥವನಿಗೆ ಮಾಡಿಕೊಡಬೇಕಲ್ಲ ಎಂದು ಅವಳಿಗೆ ಕೈ ಉರಿಯಿತು.

"ಹಳೇದನ್ನ ಯಾರು ಮಾಡಿದ್ದಪ್ಪಾ?" ಎಂದು ಮಿಗ್ದಾಲಿಯಾ ಸಹಜವಾಗಿ ಕೇಳಿದಳು.

"ಪಕ್ಕದೂರು ಗ್ವಾನಬಕೋವಾದಲ್ಲಿ ಒಬ್ಬ. ಮೂರು ವರ್ಷ ಆಯ್ತು" ಎಂದ ಎವೆಲಿಯೋ, ರೆಪ್ಪೆ ಬಡಿಯದೆ.

ಸೊರಾಯ್ದಾ ಕೈ ಒರೆಸಿಕೊಂಡಳು. "ಸರಿಯಾಗಿ ಕೇಳಿಸ್ಕೋ. ಹಳೇದನ್ನ ತೆಗೀಬೇಡ. ಎರಡನ್ನೂ ಇಪ್ಪತ್ತು ದಿನ ಒಟ್ಟಿಗೆ ಓಡಿಸು. ಹಳೇ ಸ್ಪಂಜಲ್ಲಿರೋದು ಬರೀ ಕೊಳೆ ಅಲ್ಲ. ಮೀನಿನ ಗಲೀಜನ್ನ ತಿಂದು ನೀರನ್ನ ನೆಟ್ಟಗಿಡೋ ಕ್ರಿಮಿ ಅದ್ರಲ್ಲಿ ಮನೆ ಮಾಡಿರುತ್ತೆ. ಹೊಸಾದ್ರಲ್ಲಿ ಅದು ಹುಟ್ಟೋಕೆ ಟೈಮ್ ಬೇಕು. ಈಗ್ಲೇ ತೆಗೆದ್ರೆ ಮೀನು ತಮ್ಮ ಉಚ್ಚೇಲೇ ಸಾಯ್ತವೆ."

"ಅಂದ್ರೆ ಸ್ಪರ್ಧೆ ಮುಗಿಯೋವರೆಗೂ ಆ ಹೊಲಸು ನನ್ನ ತೊಟ್ಟೀಲೇ ಇರ್ಲಿ ಅಂತೀಯ."

"ಹೌದು, ಇರ್ಲಿ. ಆಮೇಲೆ ಹಳೇದನ್ನ ನಂಗೆ ತಂದ್ಕೊಡು, ಕೊಳವೆ ಎಲ್ಲೂ ಸಿಗ್ತಿಲ್ಲ. ಆದ್ರೆ ತರೋವಾಗ ಚೆನ್ನಾಗಿ ಹಿಂಡಿ, ನಲ್ಲಿ ಕೆಳಗೆ ತೊಳ್ಕೊಂಡ್ ಬಾ. ನಿನ್ನ ಮನೆ ಕೊಳೆ ನನ್ನ ಅಂಗಳಕ್ಕೆ ಬೇಡ."

ಆ ದಿನ ಅವಳು ಆಡಿದ ಒಂದೇ ಒಂದು ಸುಳ್ಳು ಈ ಹಿಂಡಿ ತೊಳೆಯುವ ಮಾತು, ಹೇಳಿದ್ದಕ್ಕೆ ಅವನು ಉಲ್ಟಾ ಮಾಡುತ್ತಾನೆಂದೇ ಆಡಿದ್ದು. ಹಿಂಡಿದರೆ ಮರಿಗಳು ಸಾಯುತ್ತವೆ, ಬೆರಳಿಗೆ ಬಿಲ್ಲೆಯೂ ಸಿಗುತ್ತದೆ. ಮಿಕ್ಕಿದ್ದೆಲ್ಲ ಅಪ್ಪಟ ನಿಜ. ಎವೆಲಿಯೋ ತುಟಿಯಂಚಿನಲ್ಲಿ ನಕ್ಕ. ಈ ಹೆಂಗಸು ತನ್ನ ನೀರು ಕಂದಾಗಿರಲಿ, ತಾನು ಸೋಲಲಿ ಎಂದು ಕಾಯುತ್ತಿದ್ದಾಳೆ ಎಂದು ಅವನು ಲೆಕ್ಕ ಹಾಕುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅವನು ಹೋದ ಮೇಲೆ ಸೊರಾಯ್ದಾಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಸಲ, ಒಂದೇ ಒಂದು ಸಲ ಅವನು ತನ್ನ ಮಾತು ಕೇಳಿಬಿಟ್ಟರೆ ಎಲ್ಲ ಮುಗಿದಂತೆ.

ಇಪ್ಪತ್ತು ದಿನ ಎಲ್ಲಿಯ ಮಾತು. ಅಂದೇ ಸಂಜೆಗೆ ಬಂದ, ಕೈಯಲ್ಲಿ ಬಕೆಟ್ಟು. ಅದನ್ನು ಅವಳ ಕಾಲ ಬುಡದಲ್ಲಿ ದೊಪ್ಪನೆ ಇಟ್ಟ. ಕದಡಿದ ಕಂದು ನೀರಿನಲ್ಲಿ ಹಳೆಯ ಫಿಲ್ಟರು ಮುಳುಗಿತ್ತು.

"ತಗೋ. ಹಿಂಡಿಲ್ಲ, ತೊಳೆದಿಲ್ಲ. ನಿಂಗೆ ಅಷ್ಟೊಂದು ಪ್ರೀತಿ ಅಲ್ವಾ ಈ ಕೊಳೆ ಮೇಲೆ? ನೀನೇ ಇಟ್ಕೋ" ಎಂದು ಕೈ ಕೊಡವಿದ.

"ಹೇಳಿದ್ದು ಕೇಳ್ಬೇಕಿತ್ತು ಎವೆಲಿಯೋ. ಈಗ್ಲೂ ತಗೊಂಡ್ ಹೋಗಿ ತೊಟ್ಟೀಲಿ ಇಡು" ಎಂದಳು ಅವಳು ಜೋರಾಗಿ, ಕಿಟಕಿಯಲ್ಲಿದ್ದ ಮಿಗ್ದಾಲಿಯಾಗೆ ಕೇಳುವಂತೆ. ಇಷ್ಟು ಹೇಳಿದರೆ ಅವನು ಖಂಡಿತ ಒಯ್ಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಶಿಳ್ಳೆ ಹಾಕುತ್ತ ಹೋದ.

ಬಾಗಿಲು ಹಾಕಿದ್ದೇ ತಡ, ಸೊರಾಯ್ದಾ ಫಿಲ್ಟರನ್ನು ಎರಡು ಕೈಯಲ್ಲಿ ಎತ್ತಿ, ಬೆಳಿಗ್ಗೆಯೇ ನೀರು ತುಂಬಿಟ್ಟಿದ್ದ ತನ್ನ ತೊಟ್ಟಿಯಲ್ಲಿ ಇಳಿಸಿ, ಬಕೆಟ್ಟಿನ ನೀರನ್ನೂ ಸುರಿದಳು. ಸ್ಪಂಜಿನ ಸಂದಿನಿಂದ ಒಂದು ಮರಿ ಹೊರಬಂತು. ಆಮೇಲೆ ಇನ್ನೊಂದು. ಹನ್ನೊಂದು ಎಣಿಸುವ ಹೊತ್ತಿಗೆ ಅವಳಿಗೆ ಗಾಜು ಮಸುಕಾಗಿ ಕಂಡಿತು. ಸ್ಪಂಜನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಬಿಲ್ಲೆ ಇತ್ತು.

ಎವೆಲಿಯೋನ ಮೀನುಗಳು ನಾಲ್ಕನೆಯ ದಿನ ಮೇಲೆ ಬಂದು ಬಾಯಿ ಬಿಡತೊಡಗಿದವಂತೆ. ಎಂಟನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಸುದ್ದಿ ತಂದದ್ದು ಮಿಗ್ದಾಲಿಯಾ. ಅವು ಅಪ್ಪನ ಮೀನುಗಳು, ಯಾರ ಮನೆಯಲ್ಲಿದ್ದರೂ. ಸೊರಾಯ್ದಾಗೆ ಒಂದು ರಾತ್ರಿ ಊಟ ಸೇರಲಿಲ್ಲ. ಆದರೆ ಆ ಬಿಳಿ ಅಂಗಿಯವನು ಸತ್ತ ಮೀನುಗಳನ್ನು ಬಲೆಯಲ್ಲಿ ಎತ್ತುತ್ತಿರುವುದನ್ನು ನೆನೆದಾಗ ಅವಳಿಗೆ ಹಿತವಾದದ್ದೂ ನಿಜ, ಅದನ್ನು ಮುಚ್ಚಿಡುವುದೇಕೆ.

ಸ್ಪರ್ಧೆಯ ದಿನ ಸಂಘದ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಸೊರಾಯ್ದಾ ಜಾಡಿ ತರದೆ ಒಂದು ಬಟ್ಟೆಚೀಲ ಮಾತ್ರ ತಂದಿದ್ದಳು. ಎವೆಲಿಯೋ ಬಂದವನೇ ಹೊಸ ಫಿಲ್ಟರನ್ನು ಮೇಜಿನ ಮೇಲೆ ಎಸೆದ.

"ಇವಳು ನನ್ನ ಮೀನಿಗೆ ವಿಷ ಹಾಕಿದ್ದಾಳೆ!"

ಸಂಘದ ಕಾರ್ಯದರ್ಶಿ ಅಬೆಲಾರ್ದೋ ಮೇಷ್ಟ್ರು, ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವರು, ಫಿಲ್ಟರನ್ನು ಬಿಚ್ಚಿ ಸ್ಪಂಜು, ಕಲ್ಲು, ಕೊಳವೆ ಒಂದೊಂದಾಗಿ ನೋಡಿದರು. "ಹಳೇ ಫಿಲ್ಟರ್ ತೆಗೆದ್ಯಾ?" ಎಂದು ಕೇಳಿದರು.

"ಅದೇ ದಿನ ತೆಗೆದೆ. ಹೊಲಸು ನಾರ್ತಿತ್ತು."

"ತೆಗೀಬೇಡ ಅಂತ ಇವಳು ಹೇಳಿರ್ಲಿಲ್ವಾ?"

"ಹೇಳಿದ್ಲು ಮೇಷ್ಟ್ರೇ!" ಮಿಗ್ದಾಲಿಯಾ ಎದ್ದು ನಿಂತಳು. "ನನ್ನೆದುರಿಗೇ ಹೇಳಿದ್ಲು. ಸಂಜೆ ಇನ್ನೊಂದ್ ಸಲ ಕೂಗಿ ಹೇಳಿದ್ಲು. ಈ ಪುಣ್ಯಾತ್ಮ ಶಿಳ್ಳೆ ಹೊಡ್ಕೊಂಡ್ ಹೋದ."

"ಹಾಗಾದ್ರೆ ವಿಷ ಹಾಕಿದ್ದು ನೀನೇ ಕಣಯ್ಯಾ" ಎಂದರು ಮೇಷ್ಟ್ರು. ಯಾರೋ ಕಿಸಕ್ಕನೆ ನಕ್ಕರು.

ಇಲ್ಲಿಗೆ ಬಿಟ್ಟರೆ ಅವನು ಪೆದ್ದನಾಗಿ ಮನೆಗೆ ಹೋಗುತ್ತಿದ್ದ. ಸೊರಾಯ್ದಾಗೆ ಅಷ್ಟು ಸಾಲದು. ಚೀಲದಿಂದ ಹಳೆಯ ಫಿಲ್ಟರನ್ನು ತೆಗೆದು ಎತ್ತಿ ಹಿಡಿದಳು.

"ಎವೆಲಿಯೋ, ಇದು ನಿನ್ನದೇ ತಾನೆ? ನೀನು ಬಕೆಟ್ಟಲ್ಲಿ ತಂದುಕೊಟ್ಟಿದ್ದು?"

"ನನ್ನದೇ. ಏನೀಗ?"

"ಯಾರು ಮಾಡಿದ್ದು?"

"ಗ್ವಾನಬಕೋವಾದವನು ಅಂದ್ನಲ್ಲಾ ಅವತ್ತೇ. ಮೂರು ವರ್ಷದ ಹಿಂದೆ."

ಸೊರಾಯ್ದಾ ಬ್ಲೇಡು ತೆಗೆದು, ಅಪ್ಪ ಹಾಕಿದ್ದ ಹೊಲಿಗೆಯನ್ನು ಬಿಚ್ಚಿದಳು. ಸ್ಪಂಜಿನ ಹೊಟ್ಟೆಯಿಂದ ಬಿಲ್ಲೆ ಮೇಜಿನ ಮೇಲೆ ಟಕ್ ಎಂದು ಬಿತ್ತು. ಪಾಚಿ ಒರೆಸಿದಾಗ ಆ ಕಡೆ ಒಂಬತ್ತು ಚುಕ್ಕೆ, ಈ ಕಡೆ ಒಂಬತ್ತು ಚುಕ್ಕೆ.

ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಲೆಯಲ್ಲಿ ಸೆವೆರೀನೋ ಸೋತ ಸಿಟ್ಟಿಗೆ ಒಮ್ಮೆ ಕುಟ್ಟಿ ಮಾಡಿದ ಮುಕ್ಕು ಇತ್ತು. ಕುಟ್ಟಿದ ಆ ಭಾನುವಾರ ಮೇಷ್ಟ್ರೂ ಆಟದಲ್ಲಿದ್ದರು. "ಕೆಲಸಕ್ಕೆ ಹೋಗಿದೆ ಅಂತಿದ್ದ…" ಎಂದು ಗೊಣಗಿದರು. ಆಮೇಲೆ ತಲೆ ಎತ್ತಿ, "ಸೊರಾಯ್ದಾ, ಇದು ನಿಮ್ಮನೆ ತೊಟ್ಟೀಲಿ ಯಾವತ್ತಿನವರೆಗೆ ಇತ್ತಮ್ಮಾ?" ಎಂದರು.

"ನಾನು ಆಸ್ಪತ್ರೆಗೆ ಹೋಗೋ ದಿನದವರೆಗೆ. ಬೀಗದಕೈ ಇವನಿಗೆ ಕೊಟ್ಟು ಹೋದೆ."

ಎವೆಲಿಯೋನ ಮುಖ ಅವನ ಅಂಗಿಯ ಬಣ್ಣಕ್ಕೆ ಬಂದಿತ್ತು.

"ಸೆವೆರೀನೋ ಜೊತೆ ಹತ್ತು ವರ್ಷ ಕೂತು ಆಡಿದ್ಯಲ್ಲೋ" ಎಂದರು ಮೇಷ್ಟ್ರು. "ಭಾನುವಾರ ನಮ್ಮ ಜಗಲಿಗೆ ಬರ್ಬೇಡ. ಯಾವತ್ತೂ ಬರ್ಬೇಡ."

ಹೋದ ವರ್ಷದ ಬಹುಮಾನದ ಫಲಕದಿಂದ ಅವನ ಹೆಸರನ್ನು ಕೆರೆದು ತೆಗೆಯಲಾಯಿತು. ಅದೆಲ್ಲ ಅವನಿಗೆ ದೊಡ್ಡದಲ್ಲ. ಆದರೆ ರೆಗ್ಲಾದಲ್ಲಿ ಡೊಮಿನೊ ಮೇಜಿನಿಂದ ಎಬ್ಬಿಸಿದವನನ್ನು ಬೇರೆ ಯಾವ ಮೇಜೂ ಕೂರಿಸಿಕೊಳ್ಳುವುದಿಲ್ಲ.

ಭಾನುವಾರ ಮಧ್ಯಾಹ್ನ ಮೇಷ್ಟ್ರ ಜಗಲಿಯಲ್ಲಿ ಎವೆಲಿಯೋನ ಕುರ್ಚಿಯಲ್ಲಿ ಸೊರಾಯ್ದಾ ಕೂತಿದ್ದಳು. ಮರದ ತುಂಡನ್ನು ಬಿಸಾಡಿಯಾಗಿತ್ತು. ಮನೆಯಲ್ಲಿ ಹಳೆಯ ಸ್ಪಂಜು ಮತ್ತೆ ತೊಟ್ಟಿಗೆ ಇಳಿದಿತ್ತು, ಹನ್ನೊಂದು ಮರಿಗಳೂ ಬದುಕಿದ್ದವು. ಎರಡರ ಬಾಲದ ಬುಡದಲ್ಲಿ ಕಪ್ಪು ಕಾಣತೊಡಗಿತ್ತು. ಬಿಲ್ಲೆಗಳನ್ನು ಕಲಸಿ ಎತ್ತಿಕೊಂಡಾಗ ಅವಳ ಪಾಲಿಗೆ ಬಂದಿತ್ತು, ಇನ್ನೂ ಪಾಚಿ ವಾಸನೆ ಬಿಡದ ಆ ದಪ್ಪನೆಯದು. ಅದು ಬಂದವರೇ ಮೊದಲು ಹಾಕಬೇಕು, ಹಾಗಾಗಿ ಆಟ ಶುರುಮಾಡುವ ಹಕ್ಕು ಅವಳದೇ.

"ಹಾಕಮ್ಮಾ, ಏನ್ ಕಾಯ್ತಿದೀಯ?" ಎಂದಳು ಮಿಗ್ದಾಲಿಯಾ.

"ತಡಿ" ಎಂದಳು ಸೊರಾಯ್ದಾ. ಬೀದಿಯ ತುದಿಯಿಂದ ಬಿಳಿ ಅಂಗಿಯೊಂದು ಬರುತ್ತಿತ್ತು. ಪಡಸಾಲೆಗಳಲ್ಲಿ ಆಡುತ್ತಿದ್ದವರು ಯಾರೂ ಕರೆಯಲಿಲ್ಲ, ಅವನೂ ತಲೆ ಎತ್ತಲಿಲ್ಲ. ಅವನು ಜಗಲಿಯ ನೇರಕ್ಕೆ ಬರುವವರೆಗೂ ಕಾದು, ತೋಳನ್ನು ಪೂರ್ತಿ ಎತ್ತಿ, ಅಪ್ಪನ ಬಿಲ್ಲೆಯನ್ನು ಮೇಜಿನ ಮೇಲೆ ಕುಟ್ಟಿದಳು.

"ಜೋಡಿ ಒಂಬತ್ತು!"

ಸದ್ದಿಗೆ ಎವೆಲಿಯೋ ಬೆಚ್ಚಿಬಿದ್ದ. ಆಮೇಲೆ ಬೇಗಬೇಗ ನಡೆದು ಹೋದ.